ಪದ್ಯ ಬರೆಯುತ್ತೆ, ಟವೆಲ್ ಮಡಚಲ್ಲ

ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಕಾಂಪೌಂಡ್ ಗೋಡೆ ಕಟ್ಟುವಾಗ, ಎತ್ತರ ಎಷ್ಟಿರಲಿ ಅಂತ ಮೇಸ್ತ್ರಿ ಕೇಳಿದನಂತೆ. ನಮ್ಮಪ್ಪ ಟೇಪು ಗೀಪು ಹುಡುಕಲು ಹೋಗದೆ ಎದೆಗೆ ಕೈ ಅಡ್ಡ ಹಿಡಿದು "ಇಷ್ಟಿರಲಿ" ಅಂದರಂತೆ. ಅವರು ನನಗಿಂತ ಎತ್ತರದ ಆಸಾಮಿ. ಅವರ ಎದೆಮಟ್ಟದ ಗೋಡೆ ನನಗೆ ಭುಜದ ಹತ್ತಿರ ಬರುತ್ತೆ. ಸ್ವಲ್ಪ ಬಗ್ಗಿದರೆ ಗದ್ದ ಊರಿಕೊಂಡು ನಿಲ್ಲಬಹುದು. ಹರಟೆಗೆ ಇದಕ್ಕಿಂತ ಪ್ರಶಸ್ತವಾದ ಎತ್ತರ ಇನ್ನೊಂದಿಲ್ಲ ಅಂತೀನಿ.

ಮೊನ್ನೆ ಸಂಜೆ ಹಾಗೇ ಗದ್ದ ಊರಿಕೊಂಡು ನಿಂತಿದ್ದೆ. ಆಚೆ ಕಡೆ ಟೀಚರಮ್ಮ ತಂತಿ ಮೇಲಿನ ಬಟ್ಟೆ ತೆಗೆದು ಮಡಚುತ್ತಿದ್ದರು. ಅವರು ರಿಟೈರಾಗಿ ಬಹಳ ಕಾಲವಾಯಿತು, ಆದರೂ ಇಡೀ ಬೀದಿಗೆ ಟೀಚರಮ್ಮನೇ. ಮಾತಾಡುವಾಗ ಎದುರಿಗಿರುವವನು ಮೂರನೇ ಕ್ಲಾಸಿನಲ್ಲಿದ್ದಾನೆ ಅನ್ನುವ ಅನುಮಾನ ಅವರಿಗೆ ಇನ್ನೂ ಹೋಗಿಲ್ಲ.

"ಅಲ್ಲಾ ಇವರೇ," ಅಂದರು, "ನಮ್ಮ ಮೊಮ್ಮಗ ಮೊಬೈಲಿಗೆ ಅದೇನೋ ಎಐ ಹಾಕಿಕೊಟ್ಟಿದಾನೆ. ಮಳೆ ಮೇಲೊಂದು ಪದ್ಯ ಬರಿ ಅಂದೆ. ಬಾಯಿ ಮುಚ್ಚೋದ್ರೊಳಗೆ ಬರೆದುಬಿಡ್ತು, ಅದೂ ಪ್ರಾಸ ಹಾಕಿ. ಇಷ್ಟೊಂದು ಬುದ್ಧಿ ಇರೋ ಪ್ರಾಣಿ ಈ ಟವೆಲ್ ಒಂದು ಮಡಚಿಕೊಡಬಾರದಾ? ಪದ್ಯ ಕಟ್ಕೊಂಡು ನಾನೇನು ಮಾಡ್ಲಿ?"

ಕೇಳುವುದಕ್ಕೆ ಸಣ್ಣ ಪ್ರಶ್ನೆ, ಅಲ್ವಾ? ದೊಡ್ಡ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಇದಕ್ಕೇ ತಲೆ ಕೆರೆದುಕೊಳ್ಳುತ್ತಾ ಕೂತಿದ್ದಾರೆ. ಟವೆಲ್ಲನ್ನೇ ತೆಗೆದುಕೊಳ್ಳಿ. 2010ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಪೀಟರ್ ಅಬೀಲ್ ಮತ್ತು ಅವರ ಹುಡುಗರು ಪಿಆರ್2 ಅನ್ನುವ ಎರಡು ತೋಳಿನ ರೋಬೋಗೆ ಟವೆಲ್ ಮಡಚಲು ಕಲಿಸಿದರು. ಅದರ ವಿಡಿಯೋ ನಾನು ನೋಡಿದ್ದೇನೆ. ರಾಶಿಯಿಂದ ಒಂದು ಟವೆಲ್ ಎತ್ತಿ, ಅದನ್ನು ಕಣ್ಣೆದುರಿಗೆ ಹಿಡಿದು, ಈ ಕಡೆ ತಿರುಗಿಸಿ, ಆ ಕಡೆ ತಿರುಗಿಸಿ, ಮೂಲೆ ಎಲ್ಲಿ ಅಂತ ಹುಡುಕುತ್ತೆ. ಮದುವೆಗೆ ಹೆಣ್ಣು ನೋಡಲು ಬಂದ ಹಿರಿಯರು ಕೂಡ ಅಷ್ಟು ಪರೀಕ್ಷೆ ಮಾಡುವುದಿಲ್ಲ. ಕೊನೆಗೆ ಎರಡು ಮೂಲೆ ಸಿಕ್ಕಮೇಲೆ ಮೇಜಿನ ಮೇಲೆ ಹಾಸಿ, ಮಡಚಿ, ಅಂಗೈಯಲ್ಲಿ ನಯವಾಗಿ ಸವರಿ, ಎತ್ತಿಡುತ್ತೆ. ಆ ಸವರುವುದನ್ನು ನೋಡಿದರೆ ಮುದ್ದು ಬರುತ್ತೆ. 50 ಸಲ ಮಾಡಿಸಿದರು, 50 ಸಲವೂ ಸರಿಯಾಗಿ ಮಡಚಿತು. ಒಂದೊಂದಕ್ಕೆ ಎಷ್ಟು ಹೊತ್ತು ಅಂತೀರಿ? ಸರಾಸರಿ 25 ನಿಮಿಷದ ಹತ್ತಿರ ಹತ್ತಿರ! ವಿಡಿಯೋವನ್ನು ಗಾಳಿವೇಗದಲ್ಲಿ ಓಡಿಸಿ ತೋರಿಸುತ್ತಾರೆ, ಇಲ್ಲದಿದ್ದರೆ ನೋಡುವವರು ಒಂದು ನಿದ್ದೆ ತೆಗೆದು ಎದ್ದು ಬರಬಹುದು.

ಟೀಚರಮ್ಮನಿಗೆ ಹೇಳಿದೆ. "ಇಪ್ಪತ್ತೈದು ನಿಮಿಷಕ್ಕೆ ನಾನು ಸಾರು, ಪಲ್ಯ, ಅನ್ನ ಮಾಡಿ, ನಿಮ್ಮಂಥವರ ಹತ್ರ ಮಾತೂ ಆಡಿರ್ತೀನಿ" ಅಂದರು. ಆ "ನಿಮ್ಮಂಥವರ" ಅನ್ನುವುದನ್ನು ನಾನು ಹೊಟ್ಟೆಗೆ ಹಾಕಿಕೊಂಡೆ.

ಆಮೇಲೆ ಅವರು ಮಡಚುವುದನ್ನು ಸುಮ್ಮನೆ ನೋಡುತ್ತಾ ನಿಂತೆ. ಇಷ್ಟು ವರ್ಷ ಗೋಡೆಯ ಈಚೆ ನಿಂತಿದ್ದರೂ ಸರಿಯಾಗಿ ಗಮನಿಸಿರಲೇ ಇಲ್ಲ ನೋಡಿ. ತಂತಿಯಿಂದ ಎಳೆದ ಬಟ್ಟೆಯನ್ನು ಮೊದಲು ಒಂದು ಸಲ ಫಟ್ ಅಂತ ಕೊಡವುತ್ತಾರೆ. ಆ ಒಂದು ಏಟಿಗೆ ಅರ್ಧ ಸುಕ್ಕು ಬಿಡುತ್ತೆ, ಮೂಲೆಗಳು ತಾವಾಗಿ ಕೈಗೆ ಬಂದು ಕೂರುತ್ತವೆ. ರೋಬೋ ಆ ಮೂಲೆಗಳನ್ನೇ ಅಷ್ಟು ಹೊತ್ತು ಹುಡುಕಿದ್ದು. ಇವರು ಹುಡುಕುವುದಿಲ್ಲ, ಕರೆಸಿಕೊಳ್ಳುತ್ತಾರೆ. ಆಮೇಲೆ ಪಂಚೆಯ ಮಧ್ಯಭಾಗವನ್ನು ಗದ್ದಕ್ಕೂ ಎದೆಗೂ ನಡುವೆ ಸಿಕ್ಕಿಸಿಕೊಂಡು ಎರಡು ಕೈಯಲ್ಲಿ ಎರಡು ತುದಿ ಇಳಿಬಿಡುತ್ತಾರೆ. ಗದ್ದವೇ ಕ್ಲಿಪ್ಪು, ಹೊಟ್ಟೆಯೇ ಮೇಜು. ಆ ರೋಬೋಗೆ ಎರಡು ತೋಳಿದ್ದವು, ಸರಿ, ಗದ್ದ ಎಲ್ಲಿತ್ತು? ಹೊಟ್ಟೆ ಎಲ್ಲಿತ್ತು? ಇದರ ಮಧ್ಯೆ ಮುಂಗೈ ಹಿಂಭಾಗ ತಾಗಿಸಿ "ಇದಿನ್ನೂ ಹಸಿ" ಅಂತ ಒಂದನ್ನು ತಿರುಗಿ ತಂತಿಗೆ ಎಸೆಯುತ್ತಾರೆ. ಅನುಮಾನ ಬಂದರೆ ಕೆನ್ನೆಗೆ ಒತ್ತಿ ನೋಡುತ್ತಾರೆ. ಇಷ್ಟೂ ಕೆಲಸ ನಡೆಯುವಾಗ ಕಣ್ಣು ಬಟ್ಟೆ ಮೇಲಿಲ್ಲ, ಬೀದಿಯಲ್ಲಿ ಯಾರು ಹೋದರು ಅನ್ನುವುದರ ಮೇಲಿದೆ.

ಜಪಾನಿನವರು ಸುಮ್ಮನೆ ಕೂರುವ ಜನ ಅಲ್ಲವಲ್ಲ. ಅಲ್ಲಿಯ ಒಂದು ಕಂಪನಿ ಲಾಂಡ್ರಾಯ್ಡ್ ಅಂತ ಬೀರುವಿನಂಥ ಯಂತ್ರವನ್ನು 2015ರಲ್ಲಿ ಜನರ ಮುಂದಿಟ್ಟಿತು. ಒಗೆದ ಬಟ್ಟೆಯನ್ನು ಕೆಳಗೆ ತುರುಕಿದರೆ ಮೇಲೆ ಮಡಚಿ ಜೋಡಿಸಿರುತ್ತೆ ಅನ್ನುವ ಲೆಕ್ಕ. ಒಂದು ಟೀ ಶರ್ಟಿಗೆ ಹಲವು ನಿಮಿಷ ಹಿಡಿಯುತ್ತಿತ್ತು. ಬೆಲೆಯೂ ಜೋರು. 2019ರಲ್ಲಿ ಕಂಪನಿ ಬಾಗಿಲು ಹಾಕಿತು. ಅದೇ ವೇಳೆಗೆ ಇನ್ನೊಂದು ಕಡೆ ಭಾಷೆ ಕಲಿಯುವ ಯಂತ್ರಗಳು ಪ್ರಬಂಧ ಬರೆಯಲು ಶುರುಮಾಡಿದ್ದವು. ವಿಚಿತ್ರ ಅಲ್ವಾ?

ಈ ವಿಚಿತ್ರವನ್ನು ಹಿಂದೆಯೇ ಕಂಡಿದ್ದವರು ರೋಬೋ ವಿಜ್ಞಾನಿ ಹ್ಯಾನ್ಸ್ ಮೊರಾವೆಕ್. 1988ರ ತಮ್ಮ ಪುಸ್ತಕದಲ್ಲಿ ಹೇಳಿದ್ದು ಇಷ್ಟೇ: ಬುದ್ಧಿಪರೀಕ್ಷೆಯಲ್ಲೋ ಚೆಕರ್ಸ್ ಆಟದಲ್ಲೋ ಕಂಪ್ಯೂಟರನ್ನು ದೊಡ್ಡವರ ಸಮಕ್ಕೆ ತರುವುದು ಸಲೀಸು, ಒಂದು ವರ್ಷದ ಕೂಸಿನ ಹಾಗೆ ನೋಡಿ ನಡೆದಾಡುವಂತೆ ಮಾಡುವುದೇ ಕಷ್ಟ. ಅವರಿಗೆ ಅನುಭವ ಇತ್ತು. 1979ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಅವರ ಒಂದು ಗಾಡಿ, ಕುರ್ಚಿಗಳನ್ನು ಇಟ್ಟಿದ್ದ ಕೋಣೆಯನ್ನು ಯಾರ ಸಹಾಯವೂ ಇಲ್ಲದೆ ದಾಟಿತು. ಸುಮಾರು 5 ಗಂಟೆ ಹಿಡಿಯಿತು! ಒಂದು ಮೀಟರ್ ಹೋಗುವುದು, ಹತ್ತು ಹದಿನೈದು ನಿಮಿಷ ನಿಂತು ಯೋಚಿಸುವುದು. ನಮ್ಮ ಕಡೆ ಕೆಲವರು ಅಂಗಡಿಗೆ ಹೋಗುವುದೂ ಹಾಗೇ ಅನ್ನಿ, ಆದರೆ ಅವರು ದಾರಿಯಲ್ಲಿ ಮಾತಿಗೆ ನಿಂತಿರುತ್ತಾರೆ.

ಮೊರಾವೆಕ್ ಕೊಡುವ ಕಾರಣ ನನಗೆ ಬಹಳ ಹಿಡಿಸಿತು. ನೋಡುವುದು, ಹಿಡಿಯುವುದು, ಎಡವದೆ ನಡೆಯುವುದು, ಇದೆಲ್ಲ ಕೋಟ್ಯಂತರ ವರ್ಷದಿಂದ ಜೀವಿಗಳು ತಿದ್ದಿ ತೀಡಿ ಇಟ್ಟುಕೊಂಡ ಗಂಟು. ಎಷ್ಟು ಹಳೆಯದೆಂದರೆ, ನಮಗೇ ಅದು ಇದೆಯೆಂದು ಗೊತ್ತಾಗುವುದಿಲ್ಲ. ಲೆಕ್ಕ, ತರ್ಕ ಅನ್ನುವುದು ನಿನ್ನೆ ಮೊನ್ನೆ ಕಲಿತದ್ದು. ಹೊಸದಾಗಿ ಕಲಿತದ್ದಕ್ಕೆ ಒದ್ದಾಡಬೇಕು, ಒದ್ದಾಡುವುದನ್ನೇ ನಾವು ಬುದ್ಧಿ ಅಂತ ಕರೆದುಬಿಟ್ಟೆವು. ಹೊಸ ಸಾಹುಕಾರನ ಜಂಬದ ಹಾಗೆ.

ನಮ್ಮಪ್ಪನಿಗೊಬ್ಬರು ಸ್ನೇಹಿತರಿದ್ದರು. ಚೆಸ್ ಅಂದರೆ ಪ್ರಾಣ. ಬೋರ್ಡಿಗೆ ಬೆನ್ನು ಹಾಕಿ ಕೂತು, ಬರೀ ಬಾಯಲ್ಲಿ ನಡೆ ಹೇಳಿ ನಮ್ಮನ್ನೆಲ್ಲ ಸೋಲಿಸುತ್ತಿದ್ದರು. ಅಂಥ ಮಹಾನುಭಾವರಿಗೆ ಪಂಚೆ ಉಡಲು ಬರುತ್ತಿರಲಿಲ್ಲ! ಮೇಲೊಂದು ಬೆಲ್ಟ್ ಬಿಗಿಯುತ್ತಿದ್ದರು, ಆದರೂ ಒಂದು ಕೈ ಸೊಂಟದ ಮೇಲೇ ಇರುತ್ತಿತ್ತು. ಒಮ್ಮೆ ಉಪನಯನದ ಮನೆಯಲ್ಲಿ... ಬೇಡ ಬಿಡಿ, ಅವರೀಗ ಇಲ್ಲ. ನಾನು ಹೇಳಲು ಹೊರಟದ್ದು, 1997ರಲ್ಲಿ ಡೀಪ್ ಬ್ಲೂ ಅನ್ನುವ ಕಂಪ್ಯೂಟರ್, ಚೆಸ್ ಚಾಂಪಿಯನ್ ಕಾಸ್ಪರೋವ್‌ನನ್ನು ಸೋಲಿಸಿತಲ್ಲ, ಆಗ ಕಾಯಿ ನಡೆಸಿದ್ದು ಯಾರು? ಎದುರಿಗೆ ಕೂತ ಐಬಿಎಂನ ಮನುಷ್ಯ. ಯಂತ್ರ ಹೇಳುವುದು, ಇವನು ಕುದುರೆ ಎತ್ತಿಡುವುದು. 2016ರಲ್ಲಿ ಸಿಯೋಲ್‌ನಲ್ಲಿ ಆಲ್ಫಾಗೋ ಅನ್ನುವ ಯಂತ್ರ, ಗೋ ಆಟದಲ್ಲಿ ಲೀ ಸೆಡೊಲ್ ಅವರನ್ನು 4–1ರಲ್ಲಿ ಗೆದ್ದಾಗಲೂ ಅಷ್ಟೇ. ಆಜಾ ಹುವಾಂಗ್ ಅನ್ನುವವರು ಪರದೆ ನೋಡಿ ನೋಡಿ ಒಂದೊಂದೇ ಕಲ್ಲು ಇಟ್ಟರು. ಜಗತ್ತನ್ನೇ ಗೆದ್ದ ಯಂತ್ರಕ್ಕೆ ಒಂದು ಕಲ್ಲು ಎತ್ತಿಡಲು ಆಳು ಬೇಕಾಯಿತು. ನನ್ನ ಕಣ್ಣಿಗೆ ಆ ಪಂದ್ಯದಲ್ಲಿ ಕಂಡದ್ದು ಹುವಾಂಗ್ ಅವರ ಬೆರಳೇ.

ನಮ್ಮ ಭಾಷೆಯವರಿಗೆ ಈ ಸಂಗತಿ ಹೊಸದೇನಲ್ಲ ಅನ್ನಿಸುತ್ತೆ. ವಿದ್ಯೆ ಚೆನ್ನಾಗಿ ಬಂತು ಅನ್ನುವುದಕ್ಕೆ ನಾವೇನು ಅಂತೀವಿ? ಕರಗತವಾಯಿತು. ಕೈಗೆ ಹೋಯಿತು ಅಂತ ತಾನೇ ಅದರ ಅರ್ಥ? ಇನ್ನೂ ಚೆನ್ನಾಗಿ ಬಂದರೆ ಮೈಗೂಡಿತು. ಬರೀ ಒಪ್ಪಿಸುವುದಾದರೆ ಬಾಯಿಪಾಠ. ತಲೆಗೂಡಿತು ಅನ್ನುವ ಮಾತು ಎಲ್ಲಾದರೂ ಕೇಳಿದ್ದೀರಾ? ತಲೆಗೆ ಹತ್ತಬಹುದು ಅಷ್ಟೇ, ಹತ್ತಿದ್ದು ಇಳಿಯಲೂಬಹುದು. ಡಾಕ್ಟರಿಗೆ ಕೈಗುಣ, ಅಡಿಗೆಯವರಿಗೆ ಕೈರುಚಿ, ಬಡಗಿಗೆ ಕಣ್ಣಳತೆ. ಅಸೂಯೆ ಆದರೆ ಉರಿಯುವುದು ಹೊಟ್ಟೆ, ಕನಿಕರ ಬಂದರೆ ಚುರುಕ್ ಅನ್ನುವುದು ಕರುಳು, ಜಗಳ ತೆಗೆಯಲು ಕೆದರುವುದು ಕಾಲು. ಮೈ ಬಿಟ್ಟು ಒಂದು ಮಾತೂ ಆಡಲು ಬರುವುದಿಲ್ಲ ನಮಗೆ. ಲೇಕಾಫ್, ಜಾನ್ಸನ್ ಅನ್ನುವ ಇಬ್ಬರು 1980ರಲ್ಲಿ ಇದರ ಮೇಲೇ ಒಂದು ಪುಸ್ತಕ ಬರೆದರು. ನಾವು ಯೋಚಿಸುವುದೇ ಮೈಯ ಅನುಭವದಿಂದ ಹುಟ್ಟಿದ ಹೋಲಿಕೆಗಳಲ್ಲಿ ಅಂತ. ಅವರು ಇಂಗ್ಲಿಷ್ ಮಾತುಗಳನ್ನು ಇಟ್ಟುಕೊಂಡು ಬರೆದರು. ಕನ್ನಡ ಸಿಕ್ಕಿದ್ದರೆ ಪುಸ್ತಕ ಇನ್ನೂ ದಪ್ಪ ಆಗುತ್ತಿತ್ತು.

ಅಳತೆಯ ವಿಷಯಕ್ಕೆ ಬಂದರಂತೂ ಕೇಳಲೇಬೇಡಿ. ಚಿಟಿಕೆ, ಹಿಡಿ, ಬೊಗಸೆ, ಗೇಣು, ಮೊಳ, ಮಾರು. ನಮ್ಮ ಮೈಸೂರಿನ ದೇವರಾಜ ಮಾರ್ಕೆಟ್ಟಿನಲ್ಲಿ ಇವತ್ತಿಗೂ ಕಟ್ಟಿದ ಹೂವು ಮೊಳದ ಲೆಕ್ಕವೇ. ಮೊಳ ಯಾರದು? ಮಾರುವವರದು. ನನ್ನ ಹೆಂಡತಿ ಹೂವಿನ ಬಣ್ಣ, ವಾಸನೆ ನೋಡುವ ಮೊದಲು ಹೂವಾಡಗಿತ್ತಿಯ ಮೊಣಕೈ ನೋಡುತ್ತಾಳೆ. ಆಕೆ ಅಳೆಯುವಾಗ ಕೊನೆಗೆ ಬೆರಳು ಎಷ್ಟು ಚಾಚುತ್ತಾಳೆ ಅನ್ನುವುದರ ಮೇಲೂ ಒಂದು ಕಣ್ಣು. ನಾಲ್ಕು ಮೊಳ ಅಳೆದ ಮೇಲೆ ಇಷ್ಟುದ್ದ ಕೊಸರು ಕೊಡದಿದ್ದರೆ ಅವತ್ತಿನ ವ್ಯಾಪಾರವೇ ಇಲ್ಲ. ಈ ಎಐಗೆ ಮೊಳ ಎಷ್ಟು ಅಂತ ಕೇಳಿದರೆ ಥಟ್ಟಂತ ಅಂಗುಲ, ಸೆಂಟಿಮೀಟರ್ ಲೆಕ್ಕ ಒಪ್ಪಿಸುತ್ತೆ. ತಪ್ಪೇನಿಲ್ಲ. ಮೊಣಕೈಯೇ ಇಲ್ಲದವರ ಬಾಯಲ್ಲಿ ಕೇಳುವುದಕ್ಕೆ ಒಂಥರಾ ಆಗುತ್ತೆ, ಅಷ್ಟೇ.

ಕೈ ಕೆಸರಾದರೆ ಬಾಯಿ ಮೊಸರು ಅಂತಾರಲ್ಲ. ಈ ಎಐ ನೋಡಿ, ಕೈ ಕೆಸರಾಗದೆ ಬಾಯಿ ಮೊಸರಾದ ಮೊದಲನೇ ಪ್ರಾಣಿ. ಕೈಯಿದ್ದವರು ಕೆಸರು ಮಾಡಿಕೊಂಡು ಬರೆದಿಟ್ಟದ್ದನ್ನೆಲ್ಲ ಓದಿ ಬಾಯಿಪಾಠ ಮಾಡಿಕೊಂಡಿದೆ. ಅದೂ ಸಣ್ಣ ಸಾಧನೆ ಅಂತ ನಾನು ಅನ್ನುವುದಿಲ್ಲ. ನಮ್ಮ ಟೀಚರಮ್ಮನ ಕ್ಲಾಸಿನಲ್ಲಿ ಮಗ್ಗಿ ಬಾಯಿಪಾಠ ಬರದೆ ನಿಂತವರೇ ಎಷ್ಟೋ ಜನ.

ದಾರಿ ತಪ್ಪಿತು. ದಾರಿ ಅಂದಕೂಡಲೇ ನೆನಪಾಯಿತು, ನನಗೆ ಮೈಸೂರಿನ ದಾರಿಗಳೇ ಗೊತ್ತಿಲ್ಲ. ಹುಟ್ಟಿದ ಊರು, ನಾಚಿಕೆ ಆಗಬೇಕು. ಕಾರಣ, ಇಪ್ಪತ್ತು ವರ್ಷದಿಂದ ಸ್ಕೂಟರ್ ಓಡಿಸುವುದು ನನ್ನ ಹೆಂಡತಿ, ನಾನು ಹಿಂದೆ ಕೂರುವವನು. ಅದೇ ರಸ್ತೆ, ಅದೇ ಸರ್ಕಲ್ಲು, ಅದೇ ಮರ, ಎಲ್ಲ ನೋಡಿದ್ದೇನೆ. ಒಬ್ಬನೇ ಹೋಗು ಅಂದರೆ ಎಡಕ್ಕೋ ಬಲಕ್ಕೋ ತಿಳಿಯದು. ಇದಕ್ಕೊಂದು ಶಾಸ್ತ್ರೀಯ ಆಧಾರ ಸಿಕ್ಕಿದಾಗ ನನಗೆ ಆದ ಸಮಾಧಾನ ಅಷ್ಟಿಷ್ಟಲ್ಲ. 1963ರಲ್ಲಿ ಅಮೆರಿಕದಲ್ಲಿ ರಿಚರ್ಡ್ ಹೆಲ್ಡ್ ಮತ್ತು ಆಲನ್ ಹೈನ್ ಬೆಕ್ಕಿನ ಮರಿಗಳನ್ನು ಇಟ್ಟುಕೊಂಡು ಒಂದು ಪ್ರಯೋಗ ಮಾಡಿದರು. ಕತ್ತಲಲ್ಲಿ ಬೆಳೆಸಿದ ಮರಿಗಳು. ಜಾತ್ರೆಯ ತಿರುಗುಣಿಯಂಥ ಒಂದು ಸಾಧನ. ಒಂದು ತುದಿಯಲ್ಲಿ ಒಂದು ಮರಿ ತನ್ನ ಕಾಲಲ್ಲೇ ನಡೆಯುತ್ತೆ. ಇನ್ನೊಂದು ತುದಿಯ ತೊಟ್ಟಿಲಲ್ಲಿ ಇನ್ನೊಂದು ಮರಿ. ಅದು ನಡೆದಂತೆ ಇದೂ ಸುತ್ತುತ್ತೆ. ಎರಡೂ ಕಂಡದ್ದು ಒಂದೇ ನೋಟ. ಆದರೆ ಹೊರಗೆ ಬಿಟ್ಟಾಗ ನಡೆದ ಮರಿ ಎಲ್ಲರಂತೆ ಇತ್ತು. ಸವಾರಿ ಮಾಡಿದ ಮರಿಗೆ ಮೇಜಿನ ಅಂಚು ಹತ್ತಿರ ಬಂದರೆ ಪಂಜ ಚಾಚಬೇಕು ಅನ್ನುವುದೂ ತಿಳಿಯಲಿಲ್ಲ. ಕಣ್ಣು ಸರಿಯಾಗಿಯೇ ಇತ್ತು, ಕಂಡದ್ದನ್ನು ಏನು ಮಾಡಬೇಕೋ ಗೊತ್ತಿರಲಿಲ್ಲ. ಕೆಲವು ದಿನ ತಾನೇ ಓಡಾಡಿದ ಮೇಲೆ ಸರಿಹೋಯಿತಂತೆ, ಪಾಪ.

ಹೆಂಡತಿಗೆ ಹೇಳಿದೆ, ನಾನು ಆ ತೊಟ್ಟಿಲ ಬೆಕ್ಕು ಅಂತ. "ಹಾಗಾದ್ರೆ ನಾಳೆಯಿಂದ ನೀವೇ ಓಡಿಸಿ" ಅಂದಳು. ಆ ಮಾತು ಅಲ್ಲಿಗೇ ನಿಂತಿದೆ.

ಸೈಕಲ್ ಮಾತ್ರ ನಾನು ಸ್ವಂತ ಕಲಿತವನು. ಗಂಟೆಗೆ ಇಷ್ಟು ಅಂತ ಬಾಡಿಗೆಗೆ ತಂದ ದೊಡ್ಡವರ ಸೈಕಲ್ಲು, ಸೀಟಿಗೆ ಕಾಲು ಎಟುಕದೆ ಬಾರ್ ಕೆಳಗೆ ಕಾಲು ತೂರಿಸಿ ಒಳಪೆಡಲ್. ಅಣ್ಣ ಹಿಂದಿನಿಂದ "ಬ್ಯಾಲೆನ್ಸ್ ಮಾಡೋ, ಬ್ಯಾಲೆನ್ಸ್" ಅಂತ ಕೂಗುತ್ತಿದ್ದ. ಬ್ಯಾಲೆನ್ಸ್ ಅಂದರೇನು ಅಂತ ಅವನಿಗೂ ಹೇಳಲು ಬರುತ್ತಿರಲಿಲ್ಲ, ನನಗೂ ತಿಳಿಯುತ್ತಿರಲಿಲ್ಲ. ಮಂಡಿ ತರಚಿದಷ್ಟೂ ತಿಳಿಯಿತು. ಎಡಗಡೆ ಮಂಡಿಯ ಮೇಲೆ ಗುರುತು ಇನ್ನೂ ಇದೆ, ಸರ್ಟಿಫಿಕೇಟಿನ ಹಾಗೆ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಕ್ಯಾರೆನ್ ಅಡಾಲ್ಫ್ ಅವರ ತಂಡದವರು ಹೆಜ್ಜೆ ಕಲಿಯುವ ಕೂಸುಗಳನ್ನು ಕೂತು ಎಣಿಸಿದ್ದಾರೆ. 2012ರಲ್ಲಿ ಬಂದ ಲೆಕ್ಕ: ಗಂಟೆಗೆ ಸರಾಸರಿ 2,368 ಹೆಜ್ಜೆ, 17 ಸಲ ಬೀಳುವುದು. ಗಂಟೆಗೆ 17! ನಾವು ವರ್ಷಕ್ಕೊಂದು ಸಲ ಜಾರಿ ಬಿದ್ದರೆ ಊರಿಗೆಲ್ಲ ಹೇಳಿಕೊಂಡು ತಿರುಗುತ್ತೇವೆ.

ರೋಬೋಗೆ ಹಾಗೆ ಬೀಳುವ ಭಾಗ್ಯ ಇಲ್ಲ. ಬಿದ್ದರೆ ಲಕ್ಷಾಂತರ ರೂಪಾಯಿ ರಿಪೇರಿ. ಅದಕ್ಕೇ ಅದನ್ನು ಕಂಪ್ಯೂಟರಿನ ಒಳಗೇ ಸುಳ್ಳು ಜಗತ್ತಿನಲ್ಲಿ ಬೀಳಿಸುತ್ತಾರೆ. 2019ರಲ್ಲಿ ಓಪನ್‌ಎಐನವರು ಒಂದು ಯಂತ್ರದ ಕೈಗೆ ರೂಬಿಕ್ಸ್ ಕ್ಯೂಬ್ ತಿರುಗಿಸಲು ಹಾಗೇ ಕಲಿಸಿದರು. ಆ ಸುಳ್ಳು ಜಗತ್ತಿನಲ್ಲಿ ಅದು ಪಟ್ಟ ಅಭ್ಯಾಸ ಒಟ್ಟು ಸುಮಾರು 13,000 ವರ್ಷಕ್ಕೆ ಸಮವಂತೆ. ಇಷ್ಟಾಗಿಯೂ ನಿಜವಾದ ಕ್ಯೂಬ್ ಕೊಟ್ಟಾಗ ಕೈಜಾರಿ ಬೀಳಿಸುತ್ತಿತ್ತು. ನಮ್ಮ ತಂಗಿಯ ಮಗ ಅದನ್ನು ಒಂದು ಬೇಸಿಗೆ ರಜೆಯಲ್ಲಿ ಕಲಿತ, ಅದೂ ಮಾವಿನಹಣ್ಣಿನ ರಸ ಮೆತ್ತಿದ ಕೈಯಲ್ಲಿ.

ಈ ಮೈಯ ಜ್ಞಾನ ಎಂಥದ್ದು ಅಂತ ನಮಗೆ ಗೊತ್ತಾಗುವುದು ಅದು ಹೋದಾಗ ಮಾತ್ರ. ಹಲ್ಲಿನ ಡಾಕ್ಟರು ಸೂಜಿ ಚುಚ್ಚಿ ಕಳಿಸಿದ ಮೇಲೆ ಕಾಫಿ ಕುಡಿದು ನೋಡಿದ್ದೀರಾ? ನಾನು ಕುಡಿದೆ. ತುಟಿ ಇದ್ದಲ್ಲೇ ಇದೆ, ಕನ್ನಡಿಯಲ್ಲಿ ಕಾಣುತ್ತೆ. ಆದರೆ ಲೋಟ ಎಲ್ಲಿ ಮುಗಿಯಿತು, ನಾನು ಎಲ್ಲಿ ಶುರುವಾದೆ ಅನ್ನುವುದೇ ಹತ್ತಲಿಲ್ಲ. ಅರ್ಧ ಕಾಫಿ ಅಂಗಿಗೆ. ನನ್ನದು ಎರಡು ಗಂಟೆಯ ಫಜೀತಿ. ಇಂಗ್ಲೆಂಡಿನ ಇಯಾನ್ ವಾಟರ್‌ಮನ್ ಅವರದು ಜೀವನಪೂರ್ತಿಯದು. 1970ರ ದಶಕದ ಮೊದಲಲ್ಲಿ, 19ನೇ ವಯಸ್ಸಿಗೆ, ಒಂದು ಕಾಯಿಲೆ ಬಂದು ಕತ್ತಿನಿಂದ ಕೆಳಗೆ ಸ್ಪರ್ಶವೂ, ಕೈಕಾಲು ಎಲ್ಲಿದೆ ಅನ್ನುವ ಅರಿವೂ ಹೊರಟುಹೋಯಿತು. ಮಾಂಸಖಂಡಕ್ಕೇನೂ ಆಗಿರಲಿಲ್ಲ, ಆದರೂ ಎದ್ದು ಕೂರಲಾಗಲಿಲ್ಲ. ಆ ಮನುಷ್ಯ ಕಣ್ಣಲ್ಲಿ ನೋಡಿ ನೋಡಿ, ಪ್ರತಿ ಹೆಜ್ಜೆಯನ್ನೂ ಯೋಚಿಸಿ, ಮತ್ತೆ ನಡೆಯಲು ಕಲಿತರು. ದೀಪ ಆರಿದರೆ ನಿಂತಲ್ಲೇ ಕುಸಿಯುತ್ತಿದ್ದರು. ನಮ್ಮ ಕಡೆ ಕರೆಂಟು ಹೋಗುವ ರೀತಿಗೆ ಅವರು ಇಲ್ಲಿ ಹುಟ್ಟಿದ್ದರೆ ಅಂತ ಒಂದು ಗಳಿಗೆ ಯೋಚನೆ ಬಂತು. ಬರ್ಕ್ಲಿಯ ರೋಬೋ ಟವೆಲ್ಲನ್ನು ಕಣ್ಣೆದುರಿಗೆ ಹಿಡಿದು ಹಿಡಿದು ನೋಡುತ್ತಿದ್ದುದು ಯಾಕೆ ಅಂತ ನನಗೆ ಆಗ ಅರ್ಥವಾಯಿತು. ಬೆರಳಿಗೆ ತಿಳಿಯದ್ದನ್ನು ಕಣ್ಣು ದುಡಿದು ತರಬೇಕಲ್ಲ.

ಹಾಗಂತ ಕೃತಕ ಬುದ್ಧಿ ಕಟ್ಟುವವರಿಗೆ ಇದು ಹೊಳೆದಿರಲಿಲ್ಲ ಅಂತಲ್ಲ. ಮೂಲಪುರುಷ ಟ್ಯೂರಿಂಗ್ ಅವರೇ 1950ರಲ್ಲಿ ಎರಡು ದಾರಿ ಹೇಳಿದ್ದರು. ಒಂದು, ಚೆಸ್‌ನಂಥ ಮೈಯಿಲ್ಲದ ಕೆಲಸದಿಂದ ಶುರುಮಾಡುವುದು. ಇನ್ನೊಂದು, ಒಳ್ಳೆಯ ಕಣ್ಣು ಕಿವಿ ಕೊಡಿಸಿ ಮಗುವಿಗೆ ಹೇಳಿಕೊಡುವ ಹಾಗೆ ಹೇಳಿಕೊಡುವುದು. ಎರಡನ್ನೂ ಮಾಡಿ ನೋಡೋಣ ಅಂದರು. ಅದಕ್ಕೂ ಎರಡು ವರ್ಷ ಮೊದಲು ಬರೆದ ವರದಿಯಲ್ಲಿ ಒಂದು ತಮಾಷೆ ಇದೆ. ಯಂತ್ರ ತಾನೇ ಕಲಿಯಬೇಕಾದರೆ ಹಳ್ಳಿಗಾಡಿನಲ್ಲಿ ಅಲೆಯಲು ಬಿಡಬೇಕಾಗುತ್ತೆ, ಅದರಿಂದ ಜನಸಾಮಾನ್ಯರಿಗೆ ಅಪಾಯ ಅಂತ. ಅಷ್ಟು ಮಾಡಿದರೂ ಊಟ, ಆಟ, ಸಂಸಾರದ ಗಂಧ ಅದಕ್ಕೆ ತಿಳಿಯದು ಅಂತಲೂ ಸೇರಿಸಿದ್ದರು. ನಮ್ಮ ಬೀದಿನಾಯಿಗಳ ಮಧ್ಯೆ ಅಂಥದ್ದೊಂದು ಅಲೆಯಲು ಬಂದರೆ ಅಪಾಯ ಯಾರಿಗೆ ಅನ್ನುವುದು ಬೇರೆ ಪ್ರಶ್ನೆ. ಜನ ಹಿಡಿದದ್ದು ಮೊದಲನೇ ದಾರಿಯನ್ನೇ. ಕುರ್ಚಿ ಬಿಟ್ಟು ಏಳಬೇಕಾಗಿಲ್ಲವಲ್ಲ.

ಎದ್ದವರಲ್ಲಿ ಒಬ್ಬರು ರಾಡ್ನಿ ಬ್ರೂಕ್ಸ್, ಆಸ್ಟ್ರೇಲಿಯಾ ಮೂಲದವರು, ಎಂಐಟಿಯಲ್ಲಿದ್ದರು. ತಲೆಯಲ್ಲಿ ಜಗತ್ತಿನ ನಕ್ಷೆ ಬರೆದು, ಯೋಜನೆ ಹಾಕಿ, ಆಮೇಲೆ ಕಾಲಿಡುವ ರೋಬೋಗಳನ್ನು ನೋಡಿ ಬೇಸತ್ತು, ಹುಳಹುಪ್ಪಟೆಯಂಥ ಆರು ಕಾಲಿನ ಯಂತ್ರ ಮಾಡಿದರು. ಒಂದೊಂದು ಕಾಲಿಗೂ ತನ್ನ ತನ್ನ ಸಣ್ಣ ಬುದ್ಧಿ, ಮೇಲೆ ಕೂತು ಆಳುವ ದೊಡ್ಡ ತಲೆ ಇಲ್ಲ. ಅದು ಅಡ್ಡಬಂದದ್ದನ್ನು ಹತ್ತಿಕೊಂಡು ಹೋಗುತ್ತಿತ್ತು. 1990ರಲ್ಲಿ ಅವರು ಬರೆದ ಲೇಖನದ ಹೆಸರೇ 'ಆನೆಗಳು ಚೆಸ್ ಆಡುವುದಿಲ್ಲ'. ಮೈಸೂರಿನವರಿಗೆ ಇದನ್ನು ಹೇಳಿಕೊಡಬೇಕೇ? 750 ಕಿಲೋ ಅಂಬಾರಿ ಬೆನ್ನ ಮೇಲೆ, ಎರಡೂ ಕಡೆ ಕಿರುಚುವ ಜನ, ಕುಶಾಲತೋಪಿನ ಸದ್ದು. ಅದರ ಮಧ್ಯೆ ಆನೆ ಹೆಜ್ಜೆ ಇಡುವುದನ್ನು ನೋಡಿದ್ದೀರಲ್ಲ. ಅದಕ್ಕೆ ಪಾಠ ಹೇಳುವುದು ಬಾಯಲ್ಲಲ್ಲ, ದಸರಾಕ್ಕೆ ಮೊದಲೇ ಮರಳುಮೂಟೆ ಹೊರಿಸಿ, ಭಾರ ಏರಿಸುತ್ತಾ, ಅದೇ ದಾರಿಯಲ್ಲಿ ನಡೆಸಿ ನಡೆಸಿ. ಮೈಗೂಡಿಸುವುದು ಅಂದರೆ ಅದೇ.

ಬ್ರೂಕ್ಸ್ ಮತ್ತು ಜೊತೆಗಾರರು ಕಟ್ಟಿದ ಕಂಪನಿಯಿಂದಲೇ 2002ರಲ್ಲಿ ರೂಂಬಾ ಬಂತು, ನೆಲ ಗುಡಿಸುವ ತಟ್ಟೆ. ಆಮೇಲೆ ಅದರ ಅಣ್ಣತಮ್ಮಂದಿರು ಬೇಕಾದಷ್ಟು ಹುಟ್ಟಿಕೊಂಡರು. ಬೆಂಗಳೂರಿನಲ್ಲಿ ಮಗಳ ಮನೆಯಲ್ಲೂ ಒಂದಿದೆ, ಅದು ಯಾರು ಮಾಡಿದ್ದೋ ನನಗೆ ಗೊತ್ತಿಲ್ಲ. ದೇವರ ಮನೆ ಮುಂದಿನ ರಂಗೋಲಿಯನ್ನು ಕಸ ಅಂತ ಭಾವಿಸಿ ಶ್ರದ್ಧೆಯಿಂದ ನುಂಗಿತು. ನನ್ನ ಹೆಂಡತಿ ಅವತ್ತಿನಿಂದ ಅದರ ಜೊತೆ ಮಾತು ಬಿಟ್ಟಿದ್ದಾಳೆ. ಅದಕ್ಕೂ ಮೊದಲು ಮಾತಾಡಿಸುತ್ತಿದ್ದಳು ಅನ್ನುವುದನ್ನು ನೀವು ಗಮನಿಸಬೇಕು. ದಿವಾನದ ಕೆಳಗೆ ಸಿಕ್ಕಿಕೊಂಡು ಅದು ಕುಂಯ್ ಅಂದಾಗ "ಅಯ್ಯೋ ಬಾರಪ್ಪ ಈಕಡೆ" ಅಂತ ಬಗ್ಗಿ ಎಳೆದಿದ್ದೂ ಅವಳೇ. ಪದ್ಯ ಬರೆಯುವ ಮೊಬೈಲನ್ನು ಯಾರೂ ಹಾಗೆ ಅಯ್ಯೋ ಅನ್ನುವುದಿಲ್ಲ.

ಮನೆಗೆಲಸದ ಯಂತ್ರಗಳ ಮಾತು ಬಂದದ್ದರಿಂದ ಅಡಿಗೆಮನೆಯದೂ ಒಂದು ಹೇಳಿಬಿಡುತ್ತೇನೆ. 1980ರ ದಶಕದ ನಡುವೆ ಜಪಾನಿನ ಮತ್ಸುಶಿತಾ ಕಂಪನಿಯವರು ಮನೆಯಲ್ಲಿ ಬ್ರೆಡ್ ಮಾಡುವ ಯಂತ್ರಕ್ಕೆ ಕೈ ಹಾಕಿದರು. ಹಿಟ್ಟು ಹದವಾಗಿ ನಾದಲು ಅದಕ್ಕೆ ಬರಲೊಲ್ಲದು. ಯಂತ್ರ ನಾದಿದ ಹಿಟ್ಟು, ಮನುಷ್ಯ ನಾದಿದ ಹಿಟ್ಟು ಎರಡಕ್ಕೂ ಎಕ್ಸ್‌ರೇ ತೆಗೆಸಿ ಹೋಲಿಸಿದರಂತೆ. ಹಿಟ್ಟಿಗೆ ಎಕ್ಸ್‌ರೇ, ನೋಡಿ! ಏನೂ ತಿಳಿಯಲಿಲ್ಲ. ಕೊನೆಗೆ ಇಕುಕೋ ತನಾಕಾ ಅನ್ನುವ ಸಾಫ್ಟ್‌ವೇರ್ ಹೆಣ್ಣುಮಗಳು ಒಸಾಕಾದ ಒಂದು ಹೋಟೆಲಿನ ಬ್ರೆಡ್ ಭಟ್ಟರ ಹತ್ತಿರ ಶಿಷ್ಯೆಯಾಗಿ ಸೇರಿ, ತಾನೇ ನಾದಿದಳು. ಭಟ್ಟರು ಹಿಟ್ಟನ್ನು ಎಳೆಯುವಾಗ ಒಂದು ಥರ ತಿರುಚುತ್ತಿದ್ದರು. ಅವರು ಅದನ್ನು ಯಾರಿಗೂ ಹೇಳಿರಲಿಲ್ಲ. ಮುಚ್ಚಿಟ್ಟುಕೊಂಡಿದ್ದಲ್ಲ, ಹೇಳಬೇಕಾದದ್ದು ಅಂತ ಅವರಿಗೇ ಗೊತ್ತಿರಲಿಲ್ಲ. ಯಂತ್ರದ ಒಳಗೋಡೆಗೆ ಪಟ್ಟಿಗಳನ್ನು ಕೂರಿಸಿ ಆ ತಿರುಚನ್ನು ತಂದರು. 1987ರಲ್ಲಿ ಯಂತ್ರ ಮಾರುಕಟ್ಟೆಗೆ ಬಂತು, ಚೆನ್ನಾಗಿ ಓಡಿತು. ನಮ್ಮಜ್ಜಿಯನ್ನು ಒಬ್ಬಟ್ಟಿನ ಕಣಕಕ್ಕೆ ನೀರು ಎಷ್ಟು ಅಂತ ಕೇಳಿದರೆ "ಹಿಡಿಸಿದಷ್ಟು" ಅನ್ನುತ್ತಿದ್ದರು. ಯಾವಾಗ ಸಾಕು? "ಹದಕ್ಕೆ ಬಂದಾಗ." ಹದ ಅಂದರೆ? ಆಗ ಕಣಕದ ಮುದ್ದೆ ನಮ್ಮ ಕೈಗೆ ಹಾಕಿ "ಹೀಗೆ" ಅನ್ನುತ್ತಿದ್ದರು. ಒಂದೆಳೆ ಪಾಕವನ್ನು ಹೆಬ್ಬೆರಳು ತೋರುಬೆರಳ ನಡುವೆ ಎಳೆದು ನೋಡಿ, ಚುರುಕ್ ಅಂದ ಬೆರಳನ್ನು ಕಿವಿಗೆ ಒತ್ತಿಕೊಳ್ಳುತ್ತಿದ್ದರಲ್ಲ, ಅದು ಯಾವ ಅಡಿಗೆ ಪುಸ್ತಕದಲ್ಲಿದೆ?

ಈಗ ಆ ತನಾಕಾ ಮಾಡಿದ್ದನ್ನೇ ಬೇರೆ ಥರ ಮಾಡುತ್ತಿದ್ದಾರೆ. ಮೈಯಿಲ್ಲದೆ ಓದಿಕೊಂಡ ಬುದ್ಧಿಗೆ ಮೈ ಜೋಡಿಸಬೇಕು, ಕೈಕೆಲಸ ಕಲಿಸಬೇಕು. ಕೈಕೆಲಸ ಎಲ್ಲೂ ಬರೆದಿಟ್ಟಿಲ್ಲ. ಅದಕ್ಕೆ ತಮಿಳುನಾಡಿನ ಕರೂರಿನಲ್ಲಿ ಕೆಲವರು ಹಣೆಗೆ ಕ್ಯಾಮೆರಾ ಕಟ್ಟಿಕೊಂಡು ಇಡೀ ದಿನ ಟವೆಲ್ ಮಡಚುತ್ತಾರೆ. ಹೌದು, ಟವೆಲ್ಲೇ! ಇಂತಿಷ್ಟು ಹೊತ್ತಿನಲ್ಲಿ, ಇಂತಿಂಥ ಕೈಯಲ್ಲಿ, ತಪ್ಪಿದರೆ ಆ ವಿಡಿಯೋ ಕಸದ ಬುಟ್ಟಿಗೆ. ಅದನ್ನು ನೋಡಿ ಎಲ್ಲೋ ಇರುವ ರೋಬೋ ಕಲಿಯಬೇಕು. ಕರೂರು ಮೊದಲಿಂದಲೂ ಟವೆಲ್, ಬೆಡ್‌ಶೀಟ್ ನೇಯುವ ಊರು. ಟವೆಲ್ ನೇಯ್ದೂ ಆಯಿತು, ಈಗ ಮಡಚುವುದನ್ನೂ ಹೇಳಿಕೊಡುವ ಪಾಳಿ.

ಟೀಚರಮ್ಮನಿಗೆ ಇದು ಬಹಳ ರುಚಿಸಿತು. "ಹಣೆಗೆ ಕಟ್ಟೋದಾ? ಎಷ್ಟು ಕೊಡ್ತಾರಂತೆ?" ಅಂದರು. ಆಮೇಲೆ ಕೈಯಲ್ಲಿದ್ದ ದಿಂಬಿನ ಚೀಲವನ್ನು ಕೆನ್ನೆಗೆ ಒತ್ತಿ, ಸ್ವಲ್ಪ ಹೊತ್ತು ಹಾಗೇ ಇದ್ದು, "ಅಲ್ರೀ, ಕ್ಯಾಮೆರಾಕ್ಕೆ ಇದು ಹಸಿ ಅಂತ ಹೇಗೆ ಗೊತ್ತಾಗತ್ತೆ?" ಅಂದರು.

ನನಗೇನೂ ಹೊಳೆಯಲಿಲ್ಲ. ಬೆರಳಿಗೆ ಚರ್ಮದಂಥದ್ದು ಹಾಕಿ ಮುಟ್ಟಿದ್ದನ್ನು ತಿಳಿಯುವ ರೋಬೋಗಳೂ ಬರುತ್ತಿವೆ ಅಂತ ಏನೋ ಹೇಳಲು ಹೊರಟೆ. ಅಷ್ಟರಲ್ಲಿ ಅವರು ತಲೆ ಎತ್ತಿ ಚಾಮುಂಡಿಬೆಟ್ಟದ ಕಡೆ ನೋಡಿದರು. ನನಗೆ ಮೋಡವೂ ಕಾಣಲಿಲ್ಲ, ಹನಿಯೂ ತಾಗಲಿಲ್ಲ.

"ಮಳೆ ಬರತ್ತೆ. ಮಂಡಿ ಬೆಳಿಗ್ಗೆಯಿಂದ ಹೇಳ್ತಾ ಇದೆ. ಇದೊಂದು ಡಬಲ್ ಬೆಡ್‌ಶೀಟ್ ಉಳಿದಿದೆ, ಆ ತುದಿ ಹಿಡ್ಕೊಳ್ಳಿ ನೋಡೋಣ."

ಗೋಡೆಯ ಮೇಲಿಂದ ಎರಡು ಮೂಲೆ ನನ್ನ ಕಡೆ ಬಂದವು. ಹಿಡಿದೆ. ಅವರು ಒಂದು ಸಲ ಕೊಡವಿದರು, ನನ್ನ ಕೈಯಿಂದ ಒಂದು ಮೂಲೆ ಹಾರಿಹೋಯಿತು. ಮತ್ತೆ ಹುಡುಕಿ ಹಿಡಿದೆ. ಅವರು ಬಲಗೈಯನ್ನು ಎಡಗೈಗೆ ತಂದರು, ನಾನೂ ತಂದೆ. ಅವರದು ಮೂಲೆಗೆ ಮೂಲೆ ಕೂತಿತು, ನನ್ನದು ನಡುವೆ ಎಲ್ಲೋ ತಿರುಚಿಕೊಂಡು ಜೋಲಿಯ ಹಾಗೆ ನೇತಾಡಿತು. ಈ ಕಡೆ ತಿರುಗಿಸಿದೆ, ಆ ಕಡೆ ತಿರುಗಿಸಿದೆ, ಕಣ್ಣ ಹತ್ತಿರ ಹಿಡಿದು ನೋಡಿದೆ. ಮೊದಲನೇ ಹನಿ ಗೋಡೆಯ ಮೇಲೆ ಟಪ್ ಅಂತ ಬಿತ್ತು.

"ಬಿಡಿ ಇವರೇ ಬಿಡಿ," ಅಂತ ಟೀಚರಮ್ಮ ಬೆಡ್‌ಶೀಟನ್ನು ಪೂರ್ತಿ ಆ ಕಡೆಗೆ ಎಳೆದುಕೊಂಡರು. "ಇಪ್ಪತ್ತೈದು ನಿಮಿಷ ಅಂದ್ರಲ್ಲ, ಆ ರೋಬೋನೇ ಕಳಿಸಿ."